ಸಂಜವ್ವನ ಉಸಿರು

ರಾಮನಗರದ ಹತ್ತಿರದ ಕೂಟಗಲ್ಲಿನಿಂದ ಒಸಿ ಆಚೆಗೆ, ಬಂಡೆಗಳ ಬುಡದಲ್ಲಿ, ಕಾವೇರಮ್ಮನ ಮನೆಯವರಿಗೆ ಒಂದು ಕಲ್ಲುದಿಣ್ಣೆ ಇತ್ತು. ಹುರುಳಿ ಚೆಲ್ಲಿದರೆ ಹುರುಳಿ, ಇಲ್ಲದಿದ್ದರೆ ಆಡು ಮೇಯುವ ಜಾಗ. ಮಿಕ್ಕ ಜಮೀನಲ್ಲಿ ರಾಗಿ, ಹಿಪ್ಪುನೇರಳೆ. ಮನೆಯೊಳಗೆ ರೇಷ್ಮೆ ಹುಳ. ಐವತ್ತು ದಾಟಿದ ಕಾವೇರಮ್ಮ ಎತ್ತರದ ಆಳು, ಗಟ್ಟಿ ದನಿ. ಗಂಡ ಕರಿಯಪ್ಪನನ್ನೂ ಮೈದುನ ಸ್ವಾಮಿಯನ್ನೂ ಬೆಳಗಾಗೆದ್ದು ಹೊಲಕ್ಕೆ ಅಟ್ಟುತ್ತಿದ್ದವಳು ಅವಳೇ. ಯಾವುದಕ್ಕೂ ಬಾಯಿಬಿಟ್ಟುಕೊಂಡು ನಿಲ್ಲುವ ಹೆಂಗಸಲ್ಲ. ಅಂಥವಳನ್ನು ನಿಲ್ಲಿಸಿದ್ದು ಒಂದು ಬಳ್ಳಿ.

ಚನ್ನಪಟ್ಟಣದ ನಾಗರಾಜು ಇಟಲಿಯಲ್ಲಿ ವೈನ್ ಮಾಡುವ ಕಸುಬು ಕಲಿತು ಬಂದವನು. ಹೆದ್ದಾರಿಯಿಂದ ಒಳಗೊಂದು ಶೆಡ್ ಕಟ್ಟಿಕೊಂಡು, ಆ ದೇಶದ ದ್ರಾಕ್ಷಿಗೆ ಒಗ್ಗುವ ನೆಲ ಹುಡುಕುತ್ತಾ ಊರೂರು ಅಲೆಯುತ್ತಿದ್ದ. ಕಲ್ಲುದಿಣ್ಣೆ ಕಂಡವನೇ ಕುಕ್ಕರುಗಾಲಲ್ಲಿ ಕೂತು ಮಣ್ಣನ್ನು ಅಂಗೈಯಲ್ಲಿ ಉಜ್ಜಿದ.

"ಅಕ್ಕಾ, ಇಲ್ಲಿ ಬಳ್ಳಿ ನೆಡಣ."

"ಇಲ್ಲಿ ಹುಲ್ಲೇ ಸರ್ಯಾಗಿ ಬರಕಿಲ್ಲ ಕಣಪ್ಪ."

"ಈ ದ್ರಾಕ್ಷಿಗೆ ಅದೇ ಬೇಕು. ಸುಖ ಜಾಸ್ತಿಯಾದ್ರೆ ರಸ ನೀರಾಯ್ತದೆ."

ದ್ರಾಕ್ಷಿಯ ಹೆಸರು ಸಾಂಜೊವೇಸೆ. ಕಾವೇರಮ್ಮನ ನಾಲಿಗೆ ಅದಕ್ಕೆ ಹೊರಳಲಿಲ್ಲ. "ಸಂಜವ್ವ" ಅಂದಳು. ಆವತ್ತಿನಿಂದ ಊರಿಗೆಲ್ಲ ಅದು ಸಂಜವ್ವನೇ ಆಯಿತು.

"ತಿನ್ನಾಕೆ ಬರದೇ ಇರೋ ದ್ರಾಕ್ಷಿ ಯಾಕಮ್ಮೀ ನಮ್ಗೆ?" ಎಂದು ಕರಿಯಪ್ಪ ಗೊಣಗಿದ. ಆದರೂ ಕಲ್ಲುಕಂಬ ನೆಟ್ಟು ತಂತಿ ಎಳೆದವನು ಅವನೇ.

ಬಳ್ಳಿ ಹಬ್ಬಿತು. ಮೊದಲ ಸಲ ಕತ್ತರಿ ಹಾಕಿದ ಮಾರನೆಯ ಬೆಳಗ್ಗೆ ಕಾವೇರಮ್ಮ ದಿಣ್ಣೆಗೆ ಹೋದಳು. ಕತ್ತರಿಸಿದ ತುದಿತುದಿಯಲ್ಲೂ ಕಣ್ಣೀರಿನಂಥ ನೀರು ತೊಟ್ಟಿಕ್ಕುತ್ತಿತ್ತು. ಬೇಸಿಗೆಯ ಆ ಬಂಡೆ ನೆಲದಲ್ಲಿ, ಯಾವ ಪಾತಾಳದಿಂದ ಎಳೆದಿತ್ತೋ! ಬೆರಳು ಒಡ್ಡಿದಳು, ತಣ್ಣಗಿತ್ತು. ಅಷ್ಟು ಹೊತ್ತೂ ಅವಳು ಕತ್ತರಿಯನ್ನು ಬಳ್ಳಿಗೆ ಕಾಣದ ಹಾಗೆ ಸೆರಗಿನ ಮರೆಯಲ್ಲಿ ಹಿಡಿದುಕೊಂಡಿದ್ದಳು.

ಮೂರನೆಯ ವರ್ಷ ಗೊಂಚಲು ಕಪ್ಪಾಯಿತು. ಸಣ್ಣ ಹಣ್ಣು, ದಪ್ಪ ಸಿಪ್ಪೆ. ಮನೆಯವರೆಲ್ಲ ಸೇರಿ ಕಿತ್ತು ಶೆಡ್ಡಿಗೆ ಸಾಗಿಸಿದರು. ಅಲ್ಲಿ ಹಣ್ಣನ್ನು ಒಡೆದು, ಸಿಪ್ಪೆ ಬೀಜ ಸಮೇತ ಮನೆಯೆತ್ತರದ ಸ್ಟೀಲ್ ಟ್ಯಾಂಕಿಗೆ ತುಂಬಿದರು. ಕೆಲವು ದಿನ ಕಳೆದು ಕಾವೇರಮ್ಮ ಟ್ಯಾಂಕಿಗೆ ಕೈಯಿಟ್ಟರೆ ಬಾಣಂತಿಯ ಮೈಯಂತೆ ಬೆಚ್ಚಗಿತ್ತು. ಕಿವಿಯಿಟ್ಟಳು. ಗೂಡು ಕಟ್ಟುವ ಮುಂಚೆ ರೇಷ್ಮೆ ಹುಳ ಸೊಪ್ಪು ಮೇಯುವಾಗ ಬರುತ್ತದಲ್ಲ, ಜಡಿಮಳೆಯಂಥ ಸದ್ದು, ಅದೇ ಸದ್ದು.

"ಬೆಂಕಿ ಎಲ್ಲೈತಪ್ಪಾ?"

"ಬೆಂಕಿ ಇಲ್ಲ ಅಕ್ಕ. ಕಣ್ಣಿಗೆ ಕಾಣದ ಜೀವಗಳು ಸಕ್ಕರೆ ತಿಂತಾ ಉಸಿರು ಬಿಡ್ತಾವೆ" ಎಂದ ನಾಗರಾಜು. ಆಮೇಲೆ ಎಲ್ಲರನ್ನೂ ಕರೆದು, ಗಾಳಿಯಾಡಿಸಲು ನಿಲ್ಲಿಸಿದ್ದ ದೊಡ್ಡ ಫ್ಯಾನು ತೋರಿಸಿ ಹೇಳಿದ: "ಆ ಉಸಿರು ಭಾರ. ತಳದಾಗೇ ಕೂತ್ಕತ್ತದೆ. ಅದ್ರೊಳಗೆ ಮನುಷ್ಯ ಉಳಿಯಲ್ಲ. ನಾನು ಹೇಳೋಗಂಟ ಯಾರೂ ಟ್ಯಾಂಕ್‌ನೊಳಕ್ಕೆ ಇಳೀಬ್ಯಾಡಿ."

ರಸವನ್ನು ಬೇರೆಡೆಗೆ ಬಸಿದ ದಿನ ಟ್ಯಾಂಕಿನ ತಳದಲ್ಲಿ ಸಿಪ್ಪೆಯ ರಾಶಿ ಉಳಿಯಿತು. ನಾಗರಾಜು ಫೋನು ಬಂತೆಂದು ಅಂಗಳಕ್ಕೆ ಹೋಗಿದ್ದ. ಸ್ವಾಮಿಗೆ ಯಾವಾಗಲೂ ಆತುರ. "ಇದೇನ್ ಮಹಾ, ಒಂದ್ ಗಳಿಗೆ ಕೆಲ್ಸ" ಅಂದವನೇ ಕೆಳಗಿನ ಬಾಗಿಲು ತೆರೆದು ಸಲಿಕೆ ಹಿಡಿದು ನುಗ್ಗಿದ. ಸಲಿಕೆ ಎರಡು ಸಲ ಸದ್ದು ಮಾಡಿತು. ಆಮೇಲೆ ಇಲ್ಲ.

ಕರಿಯಪ್ಪ ಬಗ್ಗಿ ನೋಡಿದ. ತಮ್ಮ ಸಿಪ್ಪೆಯ ಮೇಲೆ ಬೋರಲು ಬಿದ್ದಿದ್ದ.

"ಲೇ ಸ್ವಾಮೀ!" ಎಂದು ಕೂಗಿ ಒಳಗೆ ತಲೆ ಹಾಕಿದವನ ಅಂಗಿಯನ್ನು ಕಾವೇರಮ್ಮ ಹಿಂದಿನಿಂದ ಹಿಡಿದೆಳೆದಳು. ಅಂಗಿ ಹರಿಯಿತು. ಅವಳು ಬಿಡಲಿಲ್ಲ.

"ಬುಡಮ್ಮೀ! ನನ್ ತಮ್ಮ ಕಣೇ!"

"ನೀನೂ ಹೋದ್ರೆ ಎಲ್ಡು ಹೆಣ ಆಯ್ತದೆ!"

ಅವಳ ಕಣ್ಣ ಮುಂದೆ ಬಂದದ್ದು ತವರಿನ ಹಗೇವು, ರಾಗಿ ತುಂಬಿಡುತ್ತಿದ್ದ ನೆಲದೊಳಗಿನ ಆಳದ ಗುಂಡಿ. ಬಹುಕಾಲ ಮುಚ್ಚಿದ್ದ ಹಗೇವಿಗೆ ಇಳಿದ ಆಳೊಬ್ಬ ಕುಸಿದಾಗ, ಅವನನ್ನು ಎತ್ತಲು ಹಾರಿದ ಅವಳ ದೊಡ್ಡಪ್ಪನೂ ಮೇಲೆ ಬರಲಿಲ್ಲ. ಆಗ ಅವಳಿನ್ನೂ ಲಂಗದ ಹುಡುಗಿ.

"ಫ್ಯಾನ್ ಹಾಕು, ಟ್ಯಾಂಕ್ ಬಾಗ್ಲಿಗೆ ತಿರುಗ್ಸು!" ಎಂದು ಗಂಡನನ್ನು ಅತ್ತ ನೂಕಿ, ಮೂಲೆಯಲ್ಲಿದ್ದ ಉದ್ದನೆಯ ದೋಟಿ ಎತ್ತಿಕೊಂಡಳು. ಉಸಿರು ಬಿಗಿಹಿಡಿದು, ಮುಖ ಹೊರಗಿಟ್ಟು, ತೋಳಷ್ಟನ್ನೇ ಒಳಗೆ ಚಾಚಿದಳು. ದೋಟಿಯ ಕೊಕ್ಕೆ ಜಾರಿತು, ಮತ್ತೆ ಜಾರಿತು, ಕಡೆಗೆ ಸ್ವಾಮಿಯ ಬೆಲ್ಟಿಗೆ ಸಿಕ್ಕಿತು. ಗಂಡ ಹೆಂಡತಿ ಇಬ್ಬರೂ ಜಗ್ಗಿದರು. ಕಾಲು ಬಂತು, ಸೊಂಟ ಬಂತು, ಮೈಯೆಲ್ಲ ಕೆಂಪು ರಸ ಮೆತ್ತಿಕೊಂಡ ಸ್ವಾಮಿ ಆಗ ಹುಟ್ಟಿದ ಕೂಸಿನಂತೆ ನೆಲಕ್ಕೆ ಬಿದ್ದ.

ಓಡಿಬಂದ ನಾಗರಾಜು ಎದೆ ಒತ್ತಿದ, ಬಾಯಿಗೆ ಬಾಯಿಟ್ಟು ಊದಿದ. ಒಂದು ಸಲ ಕೆಮ್ಮಿದ ಸ್ವಾಮಿ. ಆ ಕೆಮ್ಮಿಗೆ ಕರಿಯಪ್ಪ ಗಟ್ಟಿಯಾಗಿ ಅತ್ತುಬಿಟ್ಟ.

ಆಂಬ್ಯುಲೆನ್ಸು ರಾಮನಗರಕ್ಕೆ ಒಯ್ದಿತು. ಮಾರನೆಯ ದಿನ ಆಸ್ಪತ್ರೆಯ ಮಂಚದ ಮೇಲೆ ಕಣ್ಣು ಬಿಟ್ಟು ಸ್ವಾಮಿ ಅಂದ: "ಏನೂ ನೋವಾಗ್ಲಿಲ್ಲ ಅತ್ಗೆ. ವಾಸ್ನೆ ಬೋ ಚೆಂದಾಗಿತ್ತು. ಯಾವಾಗ ಬಿದ್ನೋ ಗೊತ್ತೇ ಆಗ್ನಿಲ್ಲ."

ಕಾವೇರಮ್ಮನ ಮೈ ಜುಮ್ಮೆಂದಿತು. ತನ್ನ ದಿಣ್ಣೆಯ ಕಲ್ಲಲ್ಲಿ ಬೆಳೆದ, ತಾನೇ ಹೆಸರಿಟ್ಟ ಹಣ್ಣು! ಇಷ್ಟು ಚೆಂದದ ವಾಸನೆಯ ಜೊತೆಗೇ ಇಷ್ಟು ದೊಡ್ಡ ಸಾವನ್ನೂ ಎಲ್ಲಿಟ್ಟುಕೊಂಡಿತ್ತು? ಸಿಟ್ಟು ಬರಬೇಕಿತ್ತು. ಬರಲಿಲ್ಲ. ಬಳ್ಳಿ ಕಿತ್ತೆಸೆಯೋಣ ಎಂದ ಕರಿಯಪ್ಪನಿಗೆ ಅವಳು ಹೇಳಿದ್ದು ಇಷ್ಟೇ: "ಟ್ಯಾಂಕ್‌ನಾಗೆ ಸದ್ದು ಮಾಡಿ ಅದು ಹೇಳಿತ್ತು. ನಾವು ಕೇಳ್ನಿಲ್ಲ."

ವೈನು ಪೀಪಾಯಿಯಲ್ಲಿ ವರ್ಷದ ಮೇಲೆ ಮಲಗಿತ್ತು. ಒಂದು ಸಂಜೆ ನಾಗರಾಜು ಚೀಟಿ ಅಂಟಿಸದ ಬಾಟಲಿಯೊಂದನ್ನು ತಂದು ಜಗಲಿಯ ಮೇಲೆ ಕೂತ. ಮನೆಯಲ್ಲಿದ್ದ ಟೀ ಗ್ಲಾಸುಗಳಿಗೇ ಸುರಿದ.

"ಇಟಲೀಲಿ ಇದರ ಹೆಸರಿಗೆ ದೇವರ ರಕ್ತ ಅಂತ ಅರ್ಥ ಹೇಳ್ತಾರೆ ಅಕ್ಕ."

ಕಾವೇರಮ್ಮ ಗ್ಲಾಸನ್ನು ಇಳಿಬಿಸಿಲಿಗೆ ಹಿಡಿದಳು. ನಡುವೆ ಕಗ್ಗೆಂಪು, ಅಂಚಿಗೆ ಬರುತ್ತಾ ಇಟ್ಟಿಗೆಯ ಬಣ್ಣ. ಹುಟ್ಟಿದಾಗಿನಿಂದ ಹೆಂಡ ಸೋಕಿಸದ ತುಟಿಗೆ ತಾಕಿಸಿದಳು. ಮೊದಲು ನೇರಳೆಹಣ್ಣಿನ ಒಗರು ನಾಲಿಗೆ ಹಿಡಿಯಿತು, ಹಿಂದೆಯೇ ಹುಳಿ, ಕಡೆಗೆ ಎದೆಯೊಳಗೆ ಸಣ್ಣಗೆ ಕೆಂಡ ಇಟ್ಟಂತೆ ಬಿಸಿ. ಗಟ್ಟಿ ರಸ, ಹೆದರಿಸುವಷ್ಟು ಗಟ್ಟಿ.

"ಹೆಂಗೈತಮ್ಮೀ?" ಎಂದ ಕರಿಯಪ್ಪ.

ಹಿರಿಯರು ಎದುರಿಗೆ ಬಂದಾಗ ಮಾಡುವಂತೆ ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಆಮೇಲೆ ಇನ್ನೊಂದಿಷ್ಟು ಸುರಿಯಲೆಂದು ಗ್ಲಾಸನ್ನು ನಾಗರಾಜುವಿನ ಮುಂದೆ ಚಾಚಿದಳು.