ಬಾಲ ಕಚ್ಚುವ ಗಾದ್ರಪ್ಪ

ಜಗಳೂರು ಸೀಮೆಯಲ್ಲಿ ಒಬ್ಬೊಬ್ಬರು ಒಂದೊಂದು ವಿದ್ಯೆಗೆ ಹೆಸರಾದವರು. ಹಾವು ಹಿಡಿಯುವವರಿದ್ದರು, ಮುರಿದ ಮೂಳೆ ಕಟ್ಟುವವರಿದ್ದರು. ಬಂಡಿ ಹೊಡೆಯುವ ಗಾದ್ರಪ್ಪ ಹೆಸರಾದದ್ದು ಎತ್ತಿನ ಬಾಲ ಕಚ್ಚುವುದಕ್ಕೆ. ಇದನ್ನು ನಾನು ಮುಚ್ಚಿಟ್ಟು ಅವನ ಮರ್ಯಾದೆ ಕಾಯಬೇಕಾಗಿಲ್ಲ. ಮುದುಕನಾದ ಮೇಲೆ ಅವನೇ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ.

ಸಾವಿರದ ಒಂಬೈನೂರ ಮೂವತ್ತಾರರ ಸುಮಾರಿಗೆ ಹತ್ತಿ ತುಂಬಿದ ದೊಡ್ಡ ಚೀಲ, ಅಂದರೆ ಅಂಡಿಗೆ, ಹೇರಿದ ಬಂಡಿಗಳು ಸಾಲುಗಟ್ಟಿ ದಾವಣಗೆರೆಗೆ ಹೋಗುತ್ತಿದ್ದವು. ದಿಬ್ಬ ಏರುವಾಗ ಯಾವುದೋ ಒಂದು ಎತ್ತು ನೊಗದಡಿಯಲ್ಲೇ ಮಂಡಿಯೂರಿ ಕೂತುಬಿಡುತ್ತಿತ್ತು. ಬಾರುಕೋಲಿಗೆ ಜಗ್ಗುತ್ತಿರಲಿಲ್ಲ, ಬೈಗುಳಕ್ಕಂತೂ ಕಿವಿಗೊಡುತ್ತಲೇ ಇರಲಿಲ್ಲ. ಆಗ ಸಾಲಿನ ತುದಿಯಿಂದ ಕೂಗು ಬರುತ್ತಿತ್ತು: "ಗಾದ್ರಪ್ಪನ್ನ ಕರೀರೋ!" ಗಾದ್ರಪ್ಪ ಬೀಗರೂಟಕ್ಕೆ ಹೊರಟವನ ಹಾಗೆ ಮೀಸೆ ಒರೆಸಿಕೊಂಡು ಬರುತ್ತಿದ್ದ. ಬಾಲವನ್ನು ಎರಡೂ ಕೈಯಲ್ಲಿ ಹಿಡಿದು, ದವಡೆ ಹಲ್ಲಿಗೆ ಕೊಟ್ಟು ಕಚ್ಚುತ್ತಿದ್ದ. ಎತ್ತು ದಡಬಡಿಸಿ ಏಳುತ್ತಿತ್ತು. ಎಲ್ಲರೂ ಭೇಷ್ ಎನ್ನುತ್ತಿದ್ದರು. ಇವನು ಪಕ್ಕಕ್ಕೆ ಉಗಿದು, ಬೀಡಿ ಹಚ್ಚುತ್ತಿದ್ದ.

"ಪಾಪ, ನೋಯಲ್ವೇನೋ ಅದಕ್ಕೆ?" ಎಂದು ಯಾರಾದರೂ ಕೇಳಿದರೆ ಉತ್ತರ ಸಿದ್ಧವಿತ್ತು. "ದನಕ್ಕೆಲ್ಲಿ ನೋವು ಬಿಡ್ರೀ. ಅದಕ್ಕೆ ನನ್ನ ಮಾತು ತಿಳಿಯಂಗಿಲ್ಲ. ಅದಕ್ಕೇ ಹಲ್ಲಿನಾಗೆ 'ಏಳಪ್ಪಾ' ಅಂತೀನಿ, ಅಷ್ಟೇ." ಕೇಳಿದವರು ತಲೆದೂಗುತ್ತಿದ್ದರು. ಆ ಮಾತು ನೆನೆದಾಗಲೆಲ್ಲ ಮುಂದೆ ಅವನು, "ಆಗ ನನ್ನ ಬುದ್ಧಿ ಎಲ್ಲಾ ಹಲ್ಲಿನಾಗೇ ಇತ್ತು" ಎನ್ನುತ್ತಿದ್ದ.

ಒಂದು ಬೇಸಿಗೆ ಅದೇ ದವಡೆ ಹಲ್ಲು ಕೈಕೊಟ್ಟಿತು. ಲವಂಗ ಇಟ್ಟ, ಹೊಗೆಸೊಪ್ಪು ಒತ್ತಿದ, ಉಪ್ಪುನೀರು ಮುಕ್ಕಳಿಸಿದ. ಒಂದಕ್ಕೂ ಬಗ್ಗಲಿಲ್ಲ. ಅವನ ನರಳಾಟಕ್ಕೆ ಕೇರಿಯ ನಾಯಿಗಳೂ ಜೊತೆಗೂಡಿದವು. ಹೆಂಡತಿ ಸುಂಕಲಮ್ಮನಿಗೆ ಸಾಕಾಗಿಹೋಯಿತು.

"ಹಲ್ಲು ಕಣ್ರೀ ಅದು, ಪ್ರಾಣ ಅಲ್ಲ. ಕೀಳಿಸ್ಕೊಂಡು ಬರ್ರಿ."

"ಕಿತ್ತರೆ ನನ್ನ ವಿದ್ಯೆ ಹೋಗ್ತೈತಲ್ಲೇ!"

ಅದೇ ವಾರ ಬಂಡಿ ಸಾಲು ಹೊರಟಿತು. ಜಗಳೂರು ಬಿಟ್ಟು ಎರಡು ಮೈಲಿ ಹೋಗಿರಬೇಕು, ದಿಬ್ಬದ ನಟ್ಟನಡುವೆ ಕೂತದ್ದು ಬೇರೆ ಯಾರದ್ದೂ ಅಲ್ಲ, ಗಾದ್ರಪ್ಪನದೇ ಎತ್ತು, ಕೆಂದ. ಜೊತೆಯ ಎತ್ತು, ಬಿಳಿಯ, ನಿಂತೇ ಇತ್ತು. ಹಿಂದಿನ ಬಂಡಿಯ ಓಬಳಪ್ಪ ಕೇಕೆ ಹಾಕಿದ: "ಊರ ಎತ್ತೆಲ್ಲಾ ಎಬ್ಬಿಸೋನ ಎತ್ತೇ ಕೂತೈತೆ, ನೋಡ್ ಬರ್ರೋ!"

ಎಂಟು ಬಂಡಿಯವರು ಇಳಿದು ಬಂದರು. ಮಾನದ ಪ್ರಶ್ನೆ. ಗಾದ್ರಪ್ಪ ನೋಯುವ ಹಲ್ಲನ್ನು ಮರೆತು, ಅಥವಾ ಮರೆತವನಂತೆ ನಟಿಸಿ, ಬಾಲಕ್ಕೆ ಬಾಯಿ ಹಾಕಿದ. ಕೆಂದ ಏಳಲಿಲ್ಲ. ಗಾದ್ರಪ್ಪ "ಅಯ್ಯಯ್ಯೋ ಅವ್ವಾ" ಎಂದು ದವಡೆ ಹಿಡಿದುಕೊಂಡು ಅದರ ಪಕ್ಕದಲ್ಲೇ ಧೂಳಿನಲ್ಲಿ ಕುಸಿದ. ಈಗ ಎಬ್ಬಿಸಬೇಕಾದವರು ಇಬ್ಬರಾದರು.

"ಎತ್ತಿಗಾದ್ರೆ ಬಾಲ ಐತೆ," ಎಂದ ಓಬಳಪ್ಪ. "ಇವನಿಗೆ ಎಲ್ಲಿ ಕಚ್ಚೋಣ್ರಪ್ಪಾ?"

ಯಾರೋ ತೋಳು ಹಿಡಿದು ಎಳೆದರು. "ಮುಟ್ಟಬ್ಯಾಡ್ರೋ, ನೋಯ್ತೈತೆ!" ಎಂದು ಗಾದ್ರಪ್ಪ ಕಿರುಚಿದ. ದಿಬ್ಬದ ಆಚೆಗೂ ಕೇಳಿಸಿರಬೇಕು. ಕೆಂದ ಮಾತ್ರ ತುಟಿಪಿಟಿಕ್ಕೆನ್ನದೆ ಉಸಿರು ಬಿಡುತ್ತಿತ್ತು, ಕಣ್ಣಲ್ಲಿ ನೀರಿತ್ತು. ಕೂತವನ ಕಣ್ಣಿಗೆ ಅದರ ಹೆಗಲು ನೇರವಾಗಿ ಬಿತ್ತು. ನೊಗದಡಿಯಲ್ಲಿ ಅಂಗೈಯಗಲ ಬಾತು, ತೊಗಲು ಒಡೆದು ಕೆಂಪಗೆ ಕಾಣುತ್ತಿತ್ತು, ನೊಣ ಮುತ್ತಿದ್ದವು. ನಾಲ್ಕೈದು ದಿನದ ಹುಣ್ಣು. ದಿನಾ ಬೆಳಿಗ್ಗೆ ನೊಗ ಹೂಡಿದವನು ಇವನೇ. ಹಲ್ಲಿನ ಚಿಂತೆಯಲ್ಲಿ ಒಮ್ಮೆಯೂ ಅತ್ತ ನೋಡಿರಲಿಲ್ಲ.

ಗಾದ್ರಪ್ಪನಿಗೆ ಆಗ ಆದ ನಾಚಿಕೆ ಇಷ್ಟಿಷ್ಟಲ್ಲ. ಅದು ಕೂತದ್ದೇ ನೋವು ಹೇಳಲು. ತಾನು ಕಚ್ಚಿದ್ದು ಅದರ ಬಾಯಿ ಮುಚ್ಚಿಸಲು. ಇಷ್ಟು ವರ್ಷ ಎಷ್ಟು ಎತ್ತುಗಳ ಬಾಯಿ ಮುಚ್ಚಿಸಿದ್ದನೋ, ಯಾರ ಹೆಗಲನ್ನೂ ನೋಡಿದವನಲ್ಲ.

ಅಂಡಿಗೆಗಳನ್ನು ಬೇರೆ ಬಂಡಿಗಳಿಗೆ ಹಂಚಿದರು. ಊರಿಗೆ ತಿರುಗಿಸಿದ ಬರಿಬಂಡಿಯ ನೊಗಕ್ಕೆ ಒಂದು ಕಡೆ ಬಿಳಿಯ, ಇನ್ನೊಂದು ಕಡೆ ಗಾದ್ರಪ್ಪ. ಕೊರಳ ಹಗ್ಗ ಬಿಚ್ಚಿಸಿಕೊಂಡ ಕೆಂದ ಎದ್ದು ಹಿಂದೆ ಹಿಂದೆ ನಡೆಯಿತು. ಹಾಗೇ ಜಗಳೂರಿನ ಅಂಗಡಿ ಸಾಲಿನ ಮುಂದೆ ಹಾದುಹೋಗುವಾಗ ಅಂಗಡಿಯವನೊಬ್ಬ, "ಯಾವ ಸಂತೇಲಿ ತಂದ್ರಿ ಈ ಜೋಡಿನಾ?" ಎಂದು ಕೇಳಿದ. "ನಾನು ಹಲ್ಲು ಹೋದ ಎತ್ತು ಕಣಣ್ಣ, ಬಿಟ್ಟಿ ಸಿಕ್ಕಿದ್ದು" ಎಂದ ಗಾದ್ರಪ್ಪ. ಮರುದಿನ ಹಲ್ಲನ್ನೂ ಕೀಳಿಸಿದ.

ಅರಿಸಿನ, ಬೇವಿನೆಣ್ಣೆ ಹಚ್ಚಿ ಎರಡು ತಿಂಗಳಿಗೆ ಹೆಗಲು ಮಾಯಿತು. ಗಾದ್ರಪ್ಪ ಬಾಲ ಕಚ್ಚುವುದನ್ನು ಬಿಟ್ಟ. ಯಾರು ಕರೆದರೂ ಹೋಗಿ ಮೊದಲು ನೊಗ ಎತ್ತಿ ನೋಡುತ್ತಿದ್ದ. ಆದರೆ ಬಿಟ್ಟಿದ್ದೇನೆ ಎಂಬುದನ್ನು ಕೆಂದನಿಗೆ ಹೇಳುವುದು ಹೇಗೆ? ಇವನು ಕೊಟ್ಟಿಗೆಯ ಬಾಗಿಲಿಗೆ ಬಂದರೆ ಸಾಕು, ಮಲಗಿ ಮೆಲುಕು ಹಾಕುತ್ತಿದ್ದ ಎತ್ತು ಬಾಲವನ್ನು ತೊಡೆಸಂದಿಗೆ ಒತ್ತಿಕೊಂಡು ಎದ್ದು ನಿಲ್ಲುತ್ತಿತ್ತು. ಬೆಲ್ಲ ತಂದ, ಎದುರಿನಿಂದ ಬಂದ, ಹೆಸರು ಹಿಡಿದು ಕರೆಯುತ್ತಾ ಬಂದ. ಬೆಲ್ಲವನ್ನೂ ಅದು ನಿಂತೇ ತಿಂದಿತು. ತಾನು ಬಂದಾಗ ಒಂದು ಸಲ, ಒಂದೇ ಒಂದು ಸಲ, ಅದು ಏಳದೆ ಮಲಗಿರಲಿ ಎಂಬುದಷ್ಟೇ ಅವನ ಆಸೆಯಾಯಿತು.

ಬಂದ ನೆಂಟರಿಗೆ ತೋರಿಸುತ್ತಿದ್ದ. "ನೋಡ್ರೀ, ಈ ಸೀಮೆಯಾಗೆ ನನ್ನ ಕಂಡು ಎದ್ದು ನಿಲ್ಲೋನು ಇವನೊಬ್ಬನೇ. ಅಮಲ್ದಾರರಿಗೂ ಇಷ್ಟು ಮರ್ಯಾದೆ ಸಿಗಲ್ಲ." ನೆಂಟರು ಬಿದ್ದು ಬಿದ್ದು ನಗುತ್ತಿದ್ದರು. ಸುಂಕಲಮ್ಮ ನಗುತ್ತಿರಲಿಲ್ಲ.

ನಲವತ್ತನಾಲ್ಕರ ಮಳೆಗಾಲದಲ್ಲಿ ಕೆಂದ ಮುದಿಯಾಗಿ ಮಲಗಿತು. ಗಾದ್ರಪ್ಪ ಒಳಗೆ ಕಾಲಿಟ್ಟ. ಅದು ಮುಂಗಾಲು ಊರಿ ಏಳಲು ಹೆಣಗಿ ಬಿದ್ದಿತು. ಮತ್ತೆ ಹೆಣಗಿತು, ಮತ್ತೆ ಬಿದ್ದಿತು. ಅವನು ತಟ್ಟನೆ ಹೊರಗೆ ಬಂದುಬಿಟ್ಟ. ಆಮೇಲಿನ ಮೂರು ದಿನ ಒಳಗೆ ಹೋಗಲಿಲ್ಲ. ಕೊಟ್ಟಿಗೆಯ ಗೋಡೆಯಾಚೆ, ಅದಕ್ಕೆ ಕಾಣದ ಹಾಗೆ ಕೂತ. ವಾಸನೆ ಅದರ ಮೂಗಿಗೆ ಹೋದೀತೆಂದು ಬೀಡಿಯನ್ನೂ ಹಚ್ಚಲಿಲ್ಲ. ಗಂಜಿ ಕುಡಿಸಿ ಬಂದ ಸುಂಕಲಮ್ಮನನ್ನು ಪಿಸುದನಿಯಲ್ಲಿ ಕೇಳಿದ:

"ಮಲಗೈತಾ?"

"ಮಲಗೈತೆ. ಮೆಲುಕು ಹಾಕ್ತೈತೆ. ಕೆಮ್ಮಬ್ಯಾಡ್ರಿ."

ಗಾದ್ರಪ್ಪ ಹೆಗಲ ಮೇಲಿನ ವಲ್ಲಿಯನ್ನು ಬಾಯಿಗೆ ಒತ್ತಿ ಹಿಡಿದು ಅಲ್ಲೇ ಕೂತಿದ್ದ.