ಶಿಲುಬೆಗೆ ಮುತ್ತಿದ ಹೆಜ್ಜೇನು

ಮಧುಗಿರಿಯ ನಮ್ಮ ಪುಟ್ಟ ಚರ್ಚಿನಲ್ಲಿ ಶುಭ ಶುಕ್ರವಾರದ ಶಿಲುಬೆ ಹಾದಿಯ ರೂಪಕಕ್ಕೆ ಯೇಸುವನ್ನು ಆರಿಸುವ ಪದ್ಧತಿ ಬಹಳ ಸರಳ. ಗಡ್ಡ ಯಾರಿಗಿದೆಯೋ ಅವನೇ ಯೇಸು. ಆ ವರ್ಷ ಗಡ್ಡ ಇದ್ದದ್ದು ನನಗೊಬ್ಬನಿಗೆ, ಅದೂ ಭಕ್ತಿಯಿಂದ ಬಿಟ್ಟದ್ದಲ್ಲ, ಸೋಮಾರಿತನದಿಂದ ಬೆಳೆದದ್ದು. ಫಾದರ್ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಗಡ್ಡ ಸರಿಯಿದೆ, ಹೊಟ್ಟೆ ಸ್ವಲ್ಪ ಕರಗಬೇಕು" ಎಂದರು. ಈಸ್ಟರ್ ಮುಂಚಿನ ನಲವತ್ತು ದಿನದ ತಪಸ್ಸುಕಾಲ ಮುಗಿಯುವವರೆಗೆ ರಾತ್ರಿಯೂಟ ಬಿಡುತ್ತೇನೆಂದು ಎಲ್ಲರೆದುರು ಮಾತು ಕೊಟ್ಟೆ. ಮುದ್ದೆ ಬಿಟ್ಟದ್ದು ನಿಜ. ಹೋಟೆಲಿನ ದೋಸೆಯೂ ಊಟದ ಲೆಕ್ಕಕ್ಕೆ ಬರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಹೊಟ್ಟೆ ಇದ್ದಲ್ಲೇ ಇತ್ತು.

ರೋಮನ್ ಸೈನಿಕನ ಪಾತ್ರ ನನ್ನ ಬಾಮೈದನದು, ಅಂದರೆ ಹೆಂಡತಿಯ ತಮ್ಮನದು. ಶಿರಾಕ್ಕೆ ಕಡಲೆಕಾಯಿ ಮೂಟೆ ಸಾಗಿಸುವ ಲಗೇಜ್ ಟೆಂಪೋ ಇಟ್ಟುಕೊಂಡಿದ್ದಾನೆ. ಸೀಟಿನ ಕೆಳಗೆ ಜಿರಳೆ ಕಂಡರೆ ನಡುರಸ್ತೆಯಲ್ಲೇ ಗಾಡಿ ನಿಲ್ಲಿಸಿ ಇಳಿದುಬಿಡುವ ಶೂರ. ಇಂಥವನು ಆ ಪಾತ್ರವನ್ನು ಹಟ ಮಾಡಿ ಕೇಳಿ ಪಡೆದಿದ್ದ. ಭಾವನಿಗೆ ಊರೆದುರು ಚಾಟಿಯಲ್ಲಿ ಬಾರಿಸುವ ಅವಕಾಶವನ್ನು ಯಾವ ಬಾಮೈದ ಬಿಟ್ಟಾನು? ನಮ್ಮ ಮನೆಯ ಕೆಂಪು ಕರ್ಟನ್ ಅವನ ಮೇಲಂಗಿಯಾಯಿತು, ಸ್ಟೀಲ್ ಬೋಗುಣಿ ಶಿರಸ್ತ್ರಾಣವಾಯಿತು. ಉಪವಾಸದ ಗಂಜಿ ಕಾಯಿಸಲು ಬೋಗುಣಿ ಸಿಗದೆ ನನ್ನ ಹೆಂಡತಿ ಮನೆಯಲ್ಲಿ ಬೈದುಕೊಳ್ಳುತ್ತಿದ್ದಳು.

ಊರಾಚೆಯ ಬೋಳು ಗುಡ್ಡಕ್ಕೆ ಶಿಲುಬೆ ಹೊತ್ತು ಹತ್ತಿದೆವು. ಚಾಟಿ ಗೋಣಿದಾರದ್ದೇ, ಆದರೆ ಹೊಡೆತ ಅಸಲಿ.

"ಮೆತ್ತಗೆ ಹೊಡಿಯೋ ಲೇ," ಎಂದು ಗುರುಗುಟ್ಟಿದೆ.

"ಯೇಸು ಮಾತಾಡಂಗಿಲ್ಲ, ಸುಮ್ಕಿರಿ ಬಾವ," ಎಂದು ಇನ್ನೊಂದು ಬಿಟ್ಟ.

ಗುಡ್ಡದ ತುದಿಯಲ್ಲಿ ಒಂದು ಚಾಚುಬಂಡೆ. ಅದರ ಪಕ್ಕದಲ್ಲಿ ಶಿಲುಬೆ ನೆಟ್ಟು, ನನ್ನನ್ನು ಒಂದು ಹಲಗೆಯ ಮೇಲೆ ನಿಲ್ಲಿಸಿ, ಎರಡೂ ಕೈಗಳನ್ನು ಟೆಂಪೋ ಹಗ್ಗದಿಂದ ಅವನೇ ಬಿಗಿದ. ಮೂಟೆ ಬಿಗಿಯುವವನ ಕೈ, ಬೆರಳಿಗೆ ರಕ್ತ ಹೋಗುವುದೇ ನಿಂತಿತು. ಆಗ ಪ್ರಾರ್ಥನೆ ಹೇಳಿಸುವ ನಮ್ಮ ಉಪದೇಶಿಗಳಿಗೆ ಭಕ್ತಿ ಉಕ್ಕಿತು. "ಸ್ವಾಮಿ ಪ್ರಾಣ ಬಿಡೋ ಹೊತ್ತು, ಘಮ್ ಅನ್ನಬೇಕು," ಎಂದು ಡಬ್ಬಿಯಲ್ಲಿದ್ದ ಸಾಂಬ್ರಾಣಿಯನ್ನೆಲ್ಲ ಕೆಂಡಕ್ಕೆ ಸುರಿದರು. ಹೊಗೆ ನೆಟ್ಟಗೆ ಬಂಡೆಯಡಿಗೆ ಹೋಯಿತು. ಅಲ್ಲಿ ಮೊರದಗಲದ ಹೆಜ್ಜೇನು ತೂಗುತ್ತಿತ್ತು. ಶುಭ ಶುಕ್ರವಾರ ಎಲ್ಲರೂ ತಲೆ ತಗ್ಗಿಸಿರುತ್ತಾರೆ, ಮೇಲೆ ನೋಡುವವರು ಯಾರು? ಕಂಡದ್ದು ನನಗೊಬ್ಬನಿಗೆ. "ಜೇನು, ಜೇನು," ಎಂದೆ. ಯೇಸು ಶಿಲುಬೆಯ ಮೇಲೆ ಆಡಬೇಕಾದ ಮಾತುಗಳಲ್ಲಿ ಅದಿಲ್ಲದ ಕಾರಣ ಯಾರೂ ಕಿವಿಗೊಡಲಿಲ್ಲ.

ಜೇನು ಎದ್ದಮೇಲೆ ಕೇಳಬೇಕೆ. ಮಾತೆ ಮರಿಯಳು ಸೀರೆ ಎತ್ತಿಕಟ್ಟಿ ಓಡಿದಳು. ಶಿಷ್ಯರು ಬೈಬಲಿನಲ್ಲಿ ಓಡಿದ್ದಕ್ಕಿಂತ ಜೋರಾಗಿ ಓಡಿದರು. ಎಲ್ಲರಿಗಿಂತ ಮುಂದಿದ್ದವನು ರೋಮನ್ ಸೈನಿಕ. ಬೋಗುಣಿ ಅವನಿಗಿಂತ ಮೊದಲೇ ಗುಡ್ಡ ಇಳಿಯಿತು.

ಉಳಿದದ್ದು ನಾನು ಮತ್ತು ಜೇನು. ಹೆಜ್ಜೇನು ಕಚ್ಚಿ ಸತ್ತವರ ಸುದ್ದಿ ನಮ್ಮ ಕಡೆ ಹೊಸದಲ್ಲ. ಹಗ್ಗ ಎಳೆದಷ್ಟೂ ಬಿಗಿಯಾಗುತ್ತಿತ್ತು, ಮುಖ ಒರೆಸಿಕೊಳ್ಳಲು ಕೈಯಿಲ್ಲ. ಇಲ್ಲೇ ಸಾಯುತ್ತೇನೆ ಅನ್ನಿಸಿ ನಿಜವಾಗಿ ಹೆದರಿದೆ. ಶತ್ರುಗಳನ್ನು ಕ್ಷಮಿಸುವ ಒಂದು ಮಾತೂ ಬಾಯಿಗೆ ಬರಲಿಲ್ಲ, ಬಂದದ್ದೆಲ್ಲ ಬೈಗುಳ.

ಅಷ್ಟರಲ್ಲಿ ಆ ಕೆಂಪು ಕರ್ಟನ್ ಗುಡ್ಡ ಹತ್ತಿ ಬರುವುದು ಕಂಡಿತು. ಅದನ್ನು ಹೊದ್ದ ನನ್ನ ಬಾಮೈದ, "ಅವ್ವಾ, ಅವ್ವಾ" ಎಂದು ಅಳುತ್ತಲೇ ಓಡಿ ಬರುತ್ತಿದ್ದ. ಬಂದವನೇ ಕರ್ಟನ್ ತೆಗೆದು ನನ್ನ ತಲೆಗೆ ಹೊದಿಸಿದ. ಬರಿತಲೆಯಲ್ಲಿ ನಿಂತು ಒಂದು ಗಂಟು ಬಿಚ್ಚಿದ, ಆ ಕಡೆ ಹೋಗಿ ಇನ್ನೊಂದು ಬಿಚ್ಚಿದ. ಬಟ್ಟೆಯೊಳಗಿದ್ದ ನನಗೆ ಅವನು ಅಳುವುದು ಮಾತ್ರ ಕೇಳಿಸುತ್ತಿತ್ತು. ಅಳುತ್ತಿದ್ದ, ಆದರೆ ಕೈ ನಿಲ್ಲಿಸಲಿಲ್ಲ.

ಆಸ್ಪತ್ರೆಯಲ್ಲಿ ಇಬ್ಬರಿಗೂ ಅಕ್ಕಪಕ್ಕದ ಮಂಚ. ನನಗಿಂತ ಅವನಿಗೇ ಹೆಚ್ಚು ಕಚ್ಚಿತ್ತು. ಮುಖ ಊದಿ ಕಣ್ಣು ಯಾವುದು, ಮೂಗು ಯಾವುದು ತಿಳಿಯುತ್ತಿರಲಿಲ್ಲ. ಬಂದ ಹೆಂಡತಿ ನನ್ನನ್ನು ದಾಟಿ ಹೋಗಿ ಮೊದಲು ತಮ್ಮನ ತಲೆ ಸವರಿದಳು. ನನಗೆ ಆ ದಿನ ಹೊಟ್ಟೆಕಿಚ್ಚಾಗಲಿಲ್ಲ.

"ಓಡೋಗಿದ್ದೋನು ಯಾಕ್ಲಾ ವಾಪಸ್ ಬಂದೆ?" ಎಂದು ಕೇಳಿದೆ. ಪ್ರಾಣ ಕೊಡುವ ಪ್ರೀತಿಯ ಬಗ್ಗೆ ಬಾಲ್ಯದಿಂದ ಚರ್ಚಿನಲ್ಲಿ ಎಷ್ಟೋ ಪ್ರವಚನ ಕೇಳಿದ್ದೇನೆ, ಅಂಥದ್ದೇ ಏನೋ ಹೇಳುತ್ತಾನೆಂದುಕೊಂಡೆ.

ಊದಿದ ತುಟಿ ಕಷ್ಟಪಟ್ಟು ಬಿಡಿಸಿ ಅವನೆಂದ: "ಗಂಟು ಹಾಕಿದ್ದು ನಾನಲ್ವಾ ಬಾವ. ಬೇರೆಯೋರ್ಗೆ ಬಿಚ್ಚೋಕೆ ಬರಲ್ಲ."

ನನಗೆ ಅಳು ಬಂದುಬಿಟ್ಟಿತು. ನೋವು ಹೆಚ್ಚಾಯಿತೆಂದುಕೊಂಡು ನರ್ಸಮ್ಮ ಇನ್ನೊಂದು ಇಂಜೆಕ್ಷನ್ ಕೊಟ್ಟು ಹೋದರು.