ಮೂರು ಜಿಲ್ಲೆಗಳ ತ್ರಿಕೋನ

ಮೊನ್ನೆ ಶಹಾಪುರದ ಸಂತೆಯಲ್ಲಿ ಪುಂಡಿನಾರಿನ ಹಗ್ಗ ಕೊಂಡೆ. ನೀರಲ್ಲಿ ಕೊಳೆಯಹಾಕಿ ತೆಗೆದ ನಾರಿನ ಹುಳಿ ವಾಸನೆ ಇನ್ನೂ ಅದರಲ್ಲಿತ್ತು. ಆ ವಾಸನೆಯ ಹಿಂದೆಯೇ ನಮ್ಮ ಲೆಕ್ಕದ ಮಾಸ್ತರು ನೆನಪಿಗೆ ಬಂದರು... ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ನಾನು ಸುರಪುರದ ಶಾಲೆಯಲ್ಲಿದ್ದೆ.

ಪಾಠವೆಲ್ಲ ಉರ್ದುವಿನಲ್ಲಿ. ಮಾಸ್ತರರ ಮನೆಮಾತು ದಖನಿ, ನಮ್ಮದು ಕನ್ನಡ. ಪುಸ್ತಕದ ಉರ್ದು ಅವರಿಗೂ ತುಸು ದೂರದ್ದೇ ಆಗಿತ್ತೆಂದು ಈಗ ಅನ್ನಿಸುತ್ತದೆ. ತ್ರಿಕೋನ ಬಂದಾಗ ನಾವು ಪೂರ್ತಿ ಕಂಗೆಟ್ಟೆವು. ಅವರು ನಮ್ಮನ್ನು ಶಾಲೆಯ ಹಿಂದಿನ ಬೇವಿನ ಗಿಡದ ಕೆಳಗೆ ಕರೆದೊಯ್ದರು. ಇಂಥದ್ದೇ ಹಗ್ಗದ ಎರಡು ತುದಿ ಗಂಟುಹಾಕಿ, ಮೂವರ ಕೈಗೆ ಕೊಟ್ಟು, ಬಿಗಿಯಾಗಿ ಎಳೆದು ನಿಲ್ಲಲು ಹೇಳಿದರು. ಕೋನ ‘ಮೂಲಿ’ ಆಯಿತು, ಬಾಹು ‘ಮಗ್ಗಲು’ ಆಯಿತು. ಕನ್ನಡದಲ್ಲಿ ಕಲಿಸಲು ಅವರಿಗೆ ಅಪ್ಪಣೆ ಇರಲಿಲ್ಲ.

“ಬಾಯಿ ಎಷ್ಟು ತೆರೀತೀರಿ, ಅಷ್ಟು ದೊಡ್ಡ ರೊಟ್ಟಿ ಹಿಡಿಸ್ತದ. ಮೂಲಿ ದೊಡ್ಡದಾದ್ರ ಎದುರಿನ ಮಗ್ಗಲೂ ಉದ್ದ,” ಎಂದವರು ನನ್ನ ಕಡೆ ತಿರುಗಿ, “ಈಕಿ ಬಾಯಿ ಅಳೀಲಿಕ್ಕೆ ಮಾತ್ರ ಈ ಹಗ್ಗ ಸಾಲಂಗಿಲ್ಲ” ಎಂದರು.

ಹಿಂದಿನ ವರ್ಷ ನಾನು ನಪಾಸಾಗಿದ್ದೆ. “ಈ ಸಲಾನೂ ಹೋತಂದ್ರ ಸಾಲಿ ಸಾಕವ್ವಾ, ಮನ್ಯಾಗ ಇರು,” ಎಂದು ಅಪ್ಪ ಹೇಳಿಯಾಗಿತ್ತು.

ವಾರ್ಷಿಕ ಪರೀಕ್ಷೆ ನಡೆಸಲು ಬಂದ ಸಾಹೇಬರು ನನ್ನನ್ನು ಎಬ್ಬಿಸಿ, ತ್ರಿಕೋನಕ್ಕೆ ಎಷ್ಟು ‘ಜಿಲಾ’ ಎಂದು ಉರ್ದುವಿನಲ್ಲಿ ಕೇಳಿದರು. ಬಾಹುವಿಗೆ ಆ ಭಾಷೆಯಲ್ಲಿ ಜಿಲಾ ಅನ್ನುತ್ತಾರೆ. ಜಿಲ್ಲೆಗೂ ಅದೇ ಪದ. ಮಾಸ್ತರು ಹೇಳಿಕೊಟ್ಟಿದ್ದರು, ಹೆದರಿಕೆಯಲ್ಲಿ ಮರೆತೆ.

“ಮೂರ್ರಿ. ಗುಲ್ಬರ್ಗಾ, ರಾಯಚೂರ, ಬೀದರ.”

ಯಾರೂ ನಗಲಿಲ್ಲ. ನಿಜಾಮರ ಸಂಸ್ಥಾನದ ಕನ್ನಡ ಜಿಲ್ಲೆಗಳು ಆ ಮೂರೇ. ಅವನ್ನು ಕೂಡಿಸಿ ಹೇಳಿದರೆ ಕರ್ನಾಟಕ ಏಕೀಕರಣದ ಮಾತೆಂದು ಸಂಶಯ ಹುಟ್ಟುವ ಕಾಲ ಅದು. ಇದನ್ನು ಕಲಿಸಿದವರು ಯಾರು ಎಂದರು ಸಾಹೇಬರು.

ಹುಡುಗಿ ದಡ್ಡಿ ಎಂದಿದ್ದರೆ ಮಾಸ್ತರು ಪಾರಾಗುತ್ತಿದ್ದರು, ನಾನು ನಪಾಸಾಗುತ್ತಿದ್ದೆ. ಅವರು ಹಾಗೆನ್ನಲಿಲ್ಲ. ಎಲ್ಲರೆದುರು ಕನ್ನಡದಲ್ಲೇ ಕೇಳಿದರು.

“ಹೆದರಬ್ಯಾಡ ಬೇಟಿ. ಎರಡು ಮಗ್ಗಲು ಸಮ ಇದ್ರ?”

“ಅವುಗಳ ಎದುರಿನ ಎರಡು ಮೂಲಿನೂ ಸಮರಿ.”

“ಮೂರೂ ಸಮ ಇದ್ರ?”

“ಮೂರೂ ಮೂಲಿ ಸಮರಿ.”

“ಒಂದು ಮೂಲಿ ಮನಿ ಗ್ವಾಡಿ ಮೂಲಿ ಹಂಗ ನೆಟ್ಟಗಿದ್ರ?”

“ಅದರ ಎದುರಿನ ಮಗ್ಗಲ ಎಲ್ಲಾಕ್ಕಿಂತ ಉದ್ದರಿ!”

ಕೊನೆಯದನ್ನು ಕೂಗಿಯೇ ಹೇಳಿದೆ. ನನಗೆ ಲೆಕ್ಕ ಬರುತ್ತದೆಂಬುದು, ಅದನ್ನು ಯಾವ ಭಾಷೆಯಲ್ಲಿ ಕಲಿಸಲಾಗಿದೆ ಎಂಬುದು, ಎರಡೂ ಸಾಹೇಬರಿಗೆ ಒಟ್ಟಿಗೇ ತಿಳಿಯಿತು. ಅವರು ಏನೋ ಬರೆದುಕೊಂಡು ಎದ್ದರು.

ಕೆಲವೇ ದಿನಗಳಲ್ಲಿ ಮಾಸ್ತರರಿಗೆ ವರ್ಗಾವಣೆಯಾಯಿತು. ಎಲ್ಲಿಗೆ ಎಂದು ಯಾರೂ ಸರಿಯಾಗಿ ಹೇಳಲಿಲ್ಲ... ಅದಕ್ಕೆ ಕಾರಣ ಆ ದಿನವೇ, ಅಥವಾ ಎರಡು ಘಟನೆಗಳನ್ನು ನಾನೇ ಗಂಟುಹಾಕಿದೆನೇ? ಮೂರು ಪ್ರಶ್ನೆ ಕೇಳಿದ್ದು ನಿಜವೇ, ಎರಡೇ? ಖಾತ್ರಿಯಿಲ್ಲ. ಬೀಳ್ಕೊಡಲು ಹೋಗಲು ಅಪ್ಪ ಬಿಡಲಿಲ್ಲ ಎಂದು ಇಷ್ಟು ವರ್ಷ ಹೇಳುತ್ತ ಬಂದಿದ್ದೇನೆ. ಅಪ್ಪನನ್ನು ನಾನು ಕೇಳಿದ್ದೇ ನೆನಪಿಲ್ಲ.

ಫಲಿತಾಂಶ ಬಂದದ್ದು ಅವರು ಹೋದ ಮೇಲೆ. ಪಾಸಾಗಿದ್ದೆ. ಮುಂದೆ ಹೈದರಾಬಾದಿನ ವಿಶ್ವವಿದ್ಯಾಲಯದವರೆಗೂ ಓದಿದೆ. ವಯಸ್ಸಿನ ಲೆಕ್ಕದಲ್ಲಿ ಈಗ ಅವರು ಇರಲಾರರು. ನಾನು ಪಾಸಾದ ಸುದ್ದಿ ಅವರಿಗೆ ಯಾರಾದರೂ ಮುಟ್ಟಿಸಿದರೋ ಇಲ್ಲವೋ, ಕೇಳೋಣವೆಂದರೆ ಆ ತರಗತಿಯವರಲ್ಲಿ ಈಗ ಬದುಕಿರುವವಳು ನಾನೊಬ್ಬಳೇ.